ಬರೆಯ ಮೇಲೊಂದು ಬಾಡಿಗೆ ಮನೆ

ಮಡಿಕೇರಿಯಲ್ಲಿ ಬಾಡಿಗೆ ಮನೆ ನೋಡಲು ಬಂದವರು ಮೊದಲು ಕೇಳುವ ಪ್ರಶ್ನೆಯಲ್ಲೇ ಅವರ ಊರು ಗೊತ್ತಾಗಿಬಿಡುತ್ತದೆ. ಬೆಂಗಳೂರಿನವರು ಕಾರು ನಿಲ್ಲಿಸಲು ಜಾಗ ಇದೆಯಾ ಎನ್ನುತ್ತಾರೆ. ಮೈಸೂರಿನವರಿಗೆ ಬಾಗಿಲು ಯಾವ ದಿಕ್ಕಿಗಿದೆ ಎಂಬ ಚಿಂತೆ. ಮಂಗಳೂರು ಕಡೆಯವರು ಬಾವಿ ಎಲ್ಲಿ ಎಂದು ಹುಡುಕುತ್ತಾರೆ. ಇಲ್ಲೇ ಹುಟ್ಟಿ ಬೆಳೆದವರು ಮಾತ್ರ ಕೋಣೆಗಳ ಕಡೆ ಕಣ್ಣೆತ್ತಿಯೂ ನೋಡದೆ ಸೀದಾ ಹಿತ್ತಿಲಿಗೆ ನಡೆದು ಒಂದೇ ಮಾತು ಕೇಳುತ್ತಾರೆ: "ಬಟ್ಟೆ ಒಣಹಾಕ್ಲಿಕ್ಕೆ ಜಾಗ ಉಂಟಾ?"

ಕೇಳದೆ ವಿಧಿಯಿಲ್ಲ. ವರ್ಷಕ್ಕೆ ಮೂರು ಸಾವಿರ ಮಿಲಿಮೀಟರಿಗೂ ಮೀರಿ ಮಳೆ ಹೊಯ್ಯುವ ಊರು. ಅದರಲ್ಲಿ ಬಹುಪಾಲು ಜೂನ್‌ನಿಂದ ಸೆಪ್ಟೆಂಬರ್ ಒಳಗೆ ಬಿದ್ದು ಮುಗಿಯುತ್ತದೆ. ಜುಲೈಯಲ್ಲಿ ಒಗೆದ ಜೀನ್ಸ್ ಪ್ಯಾಂಟು ಒಣಗಿತು ಅಂತ ಯಾರಾದರೂ ಹೇಳಿದರೆ, ಒಂದೋ ಅವರು ಸುಳ್ಳು ಹೇಳುತ್ತಿದ್ದಾರೆ, ಇಲ್ಲವೇ ಅವರ ಮನೆಯಲ್ಲಿ ಇನ್ನೂ ಸೌದೆ ಒಲೆ ಉರಿಯುತ್ತಿದೆ. ಲಕ್ಷಾಂತರ ರೂಪಾಯಿ ಸುರಿದು ಆರ್‌ಸಿಸಿ ತಾರಸಿ ಹಾಕಿಸಿದವರೂ ಅದರ ಮೇಲೆ ಮತ್ತೆ ಕಬ್ಬಿಣದ ಕಂಬ ನಿಲ್ಲಿಸಿ ಶೀಟು ಹೊದಿಸುತ್ತಾರೆ. ಎತ್ತರದಲ್ಲಿ ನಿಂತು ನೋಡಿದರೆ ಇಡೀ ಊರು ಮಳೆಕೋಟು ತೊಟ್ಟು ಕೂತಿದೆ ಅನಿಸುತ್ತದೆ. ಆ ಶೀಟಿನಡಿ ಹಗ್ಗ, ಹಗ್ಗದ ಮೇಲೆ ಸಾಲಾಗಿ ಸೀರೆ, ಪಂಚೆ, ಶಾಲೆಯ ಸಮವಸ್ತ್ರ. ಸೋಮವಾರದ ಸಮವಸ್ತ್ರ ಒದ್ದೆಯಿದ್ದರೆ ಅನ್ನದ ಬಿಸಿ ಪಾತ್ರೆಯ ಮುಚ್ಚಳದ ಮೇಲೆ, ಇಸ್ತ್ರಿಪೆಟ್ಟಿಗೆಯ ಕೆಳಗೆ, ಕೊನೆಗೆ ಫ್ರಿಜ್ಜಿನ ಹಿಂಬದಿಯ ಬಿಸಿಗೆ ಒಡ್ಡಿ ಹೇಗೋ ಒಣಗಿಸುತ್ತಾರೆ. ಬಾಣಂತಿಯಿರುವ ಹಳೇ ಮನೆಗಳಲ್ಲಿ ಕೆಂಡದ ಮೇಲೆ ಬಿದಿರಿನ ಬುಟ್ಟಿ ಬೋರಲು ಹಾಕಿ ಅದರ ಮೇಲೆ ಮಗುವಿನ ಬಟ್ಟೆ ಹರಡುವುದುಂಟು. ನಮ್ಮ ಪಕ್ಕದ ಮನೆಯಲ್ಲಿ ನೋಡಿದ್ದೇನೆ. ಕೆಂಡ ಜಾಸ್ತಿಯಾದರೆ ಬುಟ್ಟಿ ಹೊತ್ತುತ್ತದೆ, ಕಮ್ಮಿಯಾದರೆ ಬಟ್ಟೆ ಹೊಗೆ ಕುಡಿಯುತ್ತದೆ. ಅದನ್ನು ಕಾಯಲೆಂದೇ ಒಬ್ಬ ಅಜ್ಜಿ ಬೇಕು.

ಇನ್ನು ಮನೆ ನೋಡುವ ಕಾಲ. ಸರ್ಕಾರಿ ನೌಕರರ ವರ್ಗಾವಣೆ, ಬ್ಯಾಂಕಿನವರ ವರ್ಗಾವಣೆ, ಮಕ್ಕಳ ಶಾಲೆ ಸೇರ್ಪಡೆ ಎಲ್ಲ ಕೂಡಿಬರುವುದು ಬೇಸಿಗೆಯಲ್ಲಿ. ಆಗ ಬಿಸಿಲು ಹದ, ಸಂಜೆ ತಂಪು, ಗೋಡೆಗೆ ಹೊಸ ಬಣ್ಣ. ಮೇ ತಿಂಗಳಲ್ಲಿ ನೋಡಿ ಮೆಚ್ಚಿದ ಮನೆಯ ನಿಜವಾದ ಬಣ್ಣ ಜುಲೈಯಲ್ಲಿ ತಿಳಿಯುತ್ತದೆ: ಹೊರಗೆ ಹಸಿರು, ಒಳಗೆ ಕಪ್ಪು. ಬೀರುವಿನ ಹಿಂದೆ ಬೂಷ್ಟು, ಚರ್ಮದ ಬೆಲ್ಟಿಗೆ ಬೂಷ್ಟು, ಮದುವೆ ಆಲ್ಬಮ್ಮಿನಲ್ಲಿ ಮಾವನವರ ಮುಖಕ್ಕೆ ಬೂಷ್ಟು. ಉಪ್ಪಿನ ಡಬ್ಬಿಯಲ್ಲಿ ನೀರು. ಬೆಂಕಿಕಡ್ಡಿ ಗೀರಿದರೆ ಮದ್ದು ಕಿತ್ತು ಬರುತ್ತದೆ, ಬೆಂಕಿ ಬರುವುದಿಲ್ಲ. ಹಪ್ಪಳದ ಗತಿ ಕೇಳಬೇಡಿ. ಹಾಗಾಗಿ ನನ್ನನ್ನು ಕೇಳಿದವರಿಗೆಲ್ಲ ನಾನು ಹೇಳುವುದು, ಜುಲೈ ಮೂರನೇ ವಾರ ಮಳೆ ಜಡಿ ಹಿಡಿದಾಗ ಹೋಗಿ ಮನೆ ನೋಡಿ ಎಂದು. ಆ ತಿಂಗಳು ಒಂದು ಮನೆಯೂ ಖಾಲಿ ಇರುವುದಿಲ್ಲ ಎಂಬುದೊಂದೇ ಈ ಸಲಹೆಗಿರುವ ತೊಡಕು.

ಖಾಲಿ ಇರುವ ಮನೆಯ ಸುದ್ದಿ ಸಿಗುವ ದಾರಿಗಳು ಇಲ್ಲಿ ಹಳೆಯವು. 1957ರಿಂದ ಈ ಊರಿನಿಂದಲೇ ಹೊರಡುವ 'ಶಕ್ತಿ' ಪತ್ರಿಕೆಯಲ್ಲಿ ಕಣ್ಣಾಡಿಸಬೇಕು. ಇಡೀ ಜಿಲ್ಲೆ ಅದರಲ್ಲಿ ಮೊದಲು ಓದುವುದು ನಿಧನ ವಾರ್ತೆ, ಆಮೇಲೆ ಜಾಹೀರಾತು. ಶುಕ್ರವಾರದ ಸಂತೆಯಲ್ಲಿ ನಾಲ್ಕು ಜನರ ಕಿವಿಗೆ ಹಾಕಬೇಕು. ಮಹದೇವಪೇಟೆಯ ದಿನಸಿ ಅಂಗಡಿಯವನಿಗೆ ಹೇಳಿಟ್ಟರೆ ಇನ್ನೂ ಒಳ್ಳೆಯದು. ಯಾರು ಅಕ್ಕಿ ಚೀಲದ ಬದಲು ಕೆಜಿ ಲೆಕ್ಕದಲ್ಲಿ ಕೊಳ್ಳಲು ಶುರುಮಾಡಿದ್ದಾರೆ, ಅಂದರೆ ಯಾರು ಊರು ಬಿಡುವವರಿದ್ದಾರೆ ಎಂದು ಅವನಿಗೆ ಮನೆ ಮಾಲೀಕರಿಗಿಂತ ಮುಂಚೆ ಗೊತ್ತಿರುತ್ತದೆ.

ಗುಡ್ಡ ಕಡಿದು ಮನೆಗೆ ತಳ ಮಾಡಿದಾಗ ಹಿಂದೆ ಕಡಿದಾಗಿ ನಿಲ್ಲುವ ಮಣ್ಣಿನ ಗೋಡೆಗೆ ಇಲ್ಲಿ ಬರೆ ಎನ್ನುತ್ತಾರೆ. ಪ್ರತಿ ಮನೆಗೂ ಹಿಂದೊಂದು ಬರೆ, ಮುಂದೊಂದು ಬರೆ. ನಮ್ಮ ಅಂಗಳದಲ್ಲಿ ನಿಂತರೆ ಕೆಳಮನೆಯವರ ಹೆಂಚು ಕಾಲಿಗೆ ಸಿಗುತ್ತದೆ. ನಮ್ಮ ಹೆಂಚಿನ ನೇರಕ್ಕೆ ಮೇಲ್ಮನೆಯವರ ತುಳಸಿಕಟ್ಟೆ. ಅವರ ಮಗ ಬ್ಯಾಟು ಬೀಸಿದ ಚೆಂಡು ನಮ್ಮ ಮಾಡಿನ ಮೇಲೆ ಬಿದ್ದು, ಉರುಳಿ, ಕೆಳಮನೆಯವರ ಬಚ್ಚಲ ಒಲೆಯ ಬಳಿ ಸಿಗುತ್ತದೆ. ಅದನ್ನು ತರಲು ಹುಡುಗ ಮೂರು ಮನೆಯವರ ಬೈಗುಳ ತಿಂದು ಬರಬೇಕು. ಇಲ್ಲಿ ವಿಳಾಸಕ್ಕೆ ಎಡ ಬಲ ಇಲ್ಲ, ಮೇಲೆ ಕೆಳಗೆ ಮಾತ್ರ. ಪಾರ್ಸೆಲ್ ತರುವ ಹುಡುಗ ರಸ್ತೆಯಲ್ಲೇ ನಿಂತು ಫೋನು ಮಾಡುತ್ತಾನೆ: "ಸಾರ್, ಮೇಲೆ ಬನ್ನಿ." ಅವನು ಇಳಿಯುವುದಿಲ್ಲ. ಗ್ಯಾಸ್ ಸಿಲಿಂಡರಿನವನು ಇಳಿಯುತ್ತಾನೆ, ಆದರೆ ಪ್ರತಿ ಮೆಟ್ಟಿಲನ್ನೂ ಮನಸ್ಸಿನಲ್ಲೇ ಎಣಿಸಿಕೊಂಡು ಕೂಲಿ ಹೇಳುತ್ತಾನೆ.

ನಮ್ಮ ಮನೆಯಲ್ಲೊಂದು ಬೀಟೆ ಮರದ ಮಂಚವಿದೆ. ಅದು ನಮ್ಮದಲ್ಲ, ಮನೆಯ ಓನರದ್ದೂ ಅಲ್ಲ. ಯಾವುದೋ ಕಾಲದಲ್ಲಿ ಅರಣ್ಯ ಇಲಾಖೆಯ ನೌಕರರೊಬ್ಬರು ಆ ಕೋಣೆಯೊಳಗೇ ಬಡಗಿಯನ್ನು ಕೂರಿಸಿ ಮಾಡಿಸಿದ್ದಂತೆ. ವರ್ಗವಾದಾಗ ನೋಡಿದರೆ ಬಾಗಿಲಲ್ಲಿ ಹಿಡಿಸದು. ಹೇಗಾದರೂ ಹೊರಗೆ ತಂದರೂ ತಿರುವು ಮುರುವಿನ ಮೆಟ್ಟಿಲಲ್ಲಿ ಏರದು. ಮುಂದಿನ ಬಾಡಿಗೆದಾರರಿಗೆ ಮಾರಿ ಹೋದರು. ಅವರು ಅವರ ನಂತರದವರಿಗೆ ಮಾರಿದರು. ಹೀಗೆ ಕೈಯಿಂದ ಕೈಗೆ ಬಂದ ಮಂಚಕ್ಕೆ ನಾವೂ ದುಡ್ಡು ಕೊಟ್ಟಿದ್ದೇವೆ. ಕರಾರುಪತ್ರದಲ್ಲಿ ಫ್ಯಾನೆಷ್ಟು, ಬಲ್ಬೆಷ್ಟು, ನಲ್ಲಿಯೆಷ್ಟು ಎಂದೆಲ್ಲ ಬರೆದಿದೆ, ಮಂಚದ ಸುದ್ದಿಯೇ ಇಲ್ಲ. ಆದರೂ ನಾಳೆ ನಾವು ಹೊರಟಾಗ ಬರುವವರು ತಕರಾರಿಲ್ಲದೆ ಕೊಳ್ಳುತ್ತಾರೆಂಬ ಧೈರ್ಯ ನನಗಿದೆ. ಗುಡ್ಡದ ಊರಿನಲ್ಲಿ ಸಾಮಾನು ಸ್ಥಿರ, ಮನುಷ್ಯ ಚರ.

ಹಾಗೆ ನೋಡಿದರೆ ಈ ಊರಿನಲ್ಲಿ ಹೊರಗಿನಿಂದ ಬಂದು ಇದ್ದು ಹೋದವರದ್ದೇ ಕಥೆ. ಮುದ್ದುರಾಜ 1681ರಲ್ಲಿ ಹಾಲೇರಿಯಿಂದ ರಾಜಧಾನಿಯನ್ನು ಇಲ್ಲಿಗೆ ತಂದ. ಆ ಹಾಲೇರಿಯವರ ಮೂಲವೂ ಇಕ್ಕೇರಿ ಕಡೆಯದು, ಜಂಗಮರ ವೇಷದಲ್ಲಿ ಬಂದು ನೆಲೆಯೂರಿದವರು ಎನ್ನುತ್ತಾರೆ. ಆಮೇಲೆ ಟಿಪ್ಪು ಬಂದು ಕೋಟೆಗೆ ಕಲ್ಲು ಹೊದಿಸಿ, ಊರಿಗೆ ಜಾಫರಾಬಾದ್ ಎಂದು ಹೆಸರಿಟ್ಟ. ಸೈನ್ಯ ಹೋದ ಮೇಲೆ ಹೆಸರೂ ಹೋಯಿತು. ಕೋಟೆಯೊಳಗೆ ಈಗ ಕಾಣುವ ಅರಮನೆಯನ್ನು ಲಿಂಗರಾಜೇಂದ್ರ 1812ರಿಂದ 1814ರ ನಡುವೆ ಕಟ್ಟಿಸಿದ. ಎರಡು ದಶಕ ಅರಸರು ವಾಸವಿದ್ದರು. 1834ರಲ್ಲಿ ಕಂಪನಿಯ ಫ್ರೇಸರ್ ದಂಡು ತಂದು ಚಿಕ್ಕವೀರರಾಜೇಂದ್ರನನ್ನು ಕೆಳಗಿಳಿಸಿದ ಮೇಲೆ ಆ ಅರಮನೆಗೆ ಬಂದದ್ದೆಲ್ಲ ಕಚೇರಿ. ಜಿಲ್ಲಾಧಿಕಾರಿಗಳ ಕಚೇರಿಯೇ ಬಹುಕಾಲ ಅಲ್ಲಿತ್ತು. ಅರಸರಿಗಿಂತ ಗುಮಾಸ್ತರು ಅಲ್ಲಿ ಹೆಚ್ಚು ವರ್ಷ ಕೂತಿದ್ದಾರೆ. ಕೋಟೆಯೊಳಗಿನ ಇಂಗ್ಲಿಷರ ಇಗರ್ಜಿ ಮ್ಯೂಸಿಯಂ ಆಯಿತು. ಜನರಲ್ ತಿಮ್ಮಯ್ಯನವರು ಹುಟ್ಟಿ ಬೆಳೆದ 'ಸನ್ನಿ ಸೈಡ್' ಮನೆಯಲ್ಲಿ ವರ್ಷಾನುಗಟ್ಟಲೆ ಆರ್‌ಟಿಒ ಕಚೇರಿ ಇತ್ತು. ಡ್ರೈವಿಂಗ್ ಲೈಸೆನ್ಸಿಗೆ ಸಾಲು ನಿಂತವರಲ್ಲಿ ಎಷ್ಟು ಜನಕ್ಕೆ ತಾವು ಸೇನಾ ದಂಡನಾಯಕರ ಜಗಲಿಯಲ್ಲಿ ನಿಂತಿದ್ದೇವೆ ಎಂದು ಗೊತ್ತಿತ್ತೋ. 2021ರಲ್ಲಿ ಅದೂ ಮ್ಯೂಸಿಯಂ ಆಯಿತು. ಈಗ ಅಲ್ಲಿ ಟಿಕೆಟ್ಟು ಕೊಂಡರೆ ಸಾಕು, ಲೈಸೆನ್ಸ್ ಬೇಡ.

ಮುಂಗಡ ಹಣ ವಾಪಸು ಬರಲಿಲ್ಲ ಎಂದು ಗೋಳಾಡುವ ಬಾಡಿಗೆದಾರರಿಗೆ ನಾನು ಚಿಕ್ಕವೀರರಾಜನ ಕಥೆ ಹೇಳುತ್ತೇನೆ. ಪಟ್ಟ ಹೋದ ಮೇಲೆ ಅವನನ್ನು ಮೊದಲು ವೆಲ್ಲೂರಿಗೆ, ಆಮೇಲೆ ಕಾಶಿಗೆ ಕಳಿಸಿದರು. 1852ರಲ್ಲಿ ಮಗಳು ಗೌರಮ್ಮನನ್ನು ಕರೆದುಕೊಂಡು ಲಂಡನ್ನಿಗೆ ಹೋದ. ಅಲ್ಲಿ ಆ ಹುಡುಗಿಗೆ ದೀಕ್ಷಾಸ್ನಾನವಾದಾಗ ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ನಿಂತಳು. ಇತ್ತ ಅಪ್ಪ ಕಂಪನಿಯ ಮೇಲೆ ಮೊಕದ್ದಮೆ ಹೂಡಿದ: ತನ್ನ ಹಣಕ್ಕೆ ಕಂಪನಿ ಬರೆದುಕೊಟ್ಟಿದ್ದ ಸಾಲಪತ್ರಗಳನ್ನು ಯುದ್ಧದ ಹೊತ್ತಿಗೆ ಕಂಪನಿಯೇ ಕಿತ್ತುಕೊಂಡಿದೆ, ಹಣ ಹಿಂದಿರುಗಿಸಬೇಕು ಎಂದು. 1859ರಲ್ಲಿ ಅಲ್ಲೇ ತೀರಿಕೊಂಡ. ಮರುವರ್ಷ ತೀರ್ಪು ಬಂತು, ಅದೂ ವಿರುದ್ಧವಾಗಿ. ಅರಸನಾಗಿ ಅವನು ಮಾಡಿದ್ದನ್ನೆಲ್ಲ ಸಮರ್ಥಿಸುವ ಉಮೇದು ನನಗಿಲ್ಲ. ಮಾಸ್ತಿಯವರ ಕಾದಂಬರಿ ಓದಿದವರಿಗೆ ಆ ದರ್ಬಾರಿನ ರೀತಿ ಗೊತ್ತಿದೆ. ಆದರೆ ಸ್ವಂತ ಅರಮನೆಯಿದ್ದವನೇ ಕಡೆಗೆ ಪರದೇಶದಲ್ಲಿ ತನ್ನ ಗಂಟಿಗಾಗಿ ಕೋರ್ಟು ಹತ್ತಿ ಸೋತ ಊರಿನಲ್ಲಿ, ಗೋಡೆಯಲ್ಲಿ ಮೊಳೆ ಹೊಡೆದಿದ್ದಕ್ಕೆ ಸಾವಿರ ರೂಪಾಯಿ ಮುರಿದುಕೊಂಡರು ಎಂಬ ದೂರಿಗೆ ಅಷ್ಟು ತೂಕ ಬರುವುದಿಲ್ಲ.

ಕರಾರು ಎಲ್ಲ ಕಡೆಯಂತೆ ಇಲ್ಲೂ ಹನ್ನೊಂದು ತಿಂಗಳಿನದು. ವರ್ಷ ದಾಟಿದ ಕರಾರನ್ನು ನೋಂದಣಿ ಮಾಡಿಸಬೇಕು ಎನ್ನುವ 1908ರ ಕಾಯ್ದೆಯಿಂದ ತಪ್ಪಿಸಿಕೊಳ್ಳಲು ಇಡೀ ದೇಶ ಕಂಡುಕೊಂಡ ಉಪಾಯ ಅದು. ಮುಂಗಡ ಎರಡು ತಿಂಗಳ ಬಾಡಿಗೆ ಮೀರಬಾರದು ಎಂದು ಕೇಂದ್ರದವರು 2021ರ ಮಾದರಿ ಕಾಯ್ದೆಯಲ್ಲಿ ಬರೆದಿದ್ದಾರೆ. ನಮ್ಮ ಓನರಿಗೆ ಅದನ್ನು ಪತ್ರಿಕೆಯಲ್ಲಿ ತೋರಿಸಿದಾಗ ಕನ್ನಡಕ ಏರಿಸಿ ಪೂರ್ತಿ ಓದಿ, "ಮಾದರಿ ಅಂತ ಉಂಟಲ್ಲ ಸಾರ್, ಮಾದರಿಯಾಗಿಯೇ ಇರ್ಲಿ" ಎಂದು ಮಡಚಿ ಕೊಟ್ಟರು.

ಅವರು ಸೇನೆಯಿಂದ ಸುಬೇದಾರರಾಗಿ ನಿವೃತ್ತರಾದವರು. ಬೆಳಗ್ಗೆ ಆರಕ್ಕೆ ನೀರಿನ ವಾಲ್ವು ತಿರುಗಿಸುತ್ತಾರೆ, ಆರೂವರೆಗೆ ನಿಲ್ಲಿಸುತ್ತಾರೆ. ಅವರ ಜಗಲಿಯ ಗೋಡೆಗೆ ಒಂದು ಕೋವಿ ತೂಗುತ್ತದೆ. ಕೊಡವರಿಗೆ ಕೋವಿ ಪರವಾನಗಿಯಿಂದ ವಿನಾಯಿತಿ ಬ್ರಿಟಿಷರ ಕಾಲದಿಂದಲೂ ಇದೆ. ಸೆಪ್ಟೆಂಬರಿನ ಕೈಲ್ ಮುಹೂರ್ತಕ್ಕೆ ಅದನ್ನು ಇಳಿಸಿ, ಒರೆಸಿ, ಹೂ ಮುಡಿಸಿ ಪೂಜೆ ಮಾಡುತ್ತಾರೆ. ಉಳಿದ ದಿನ ಅದು ಗೋಡೆ ಬಿಟ್ಟು ಕದಲುವುದಿಲ್ಲ. ಆದರೂ ಪ್ರತಿ ತಿಂಗಳು ಬಾಡಿಗೆ ಕೊಡಲು ಅದರ ಕೆಳಗಿನ ಕುರ್ಚಿಯಲ್ಲೇ ಕೂರಬೇಕು. ಈ ಮನೆಯಲ್ಲಿ ಬಾಡಿಗೆ ಬಾಕಿ ಉಳಿಸಿಕೊಂಡವರ ಇತಿಹಾಸವೇ ಇಲ್ಲ.

ಬೆಂಗಳೂರಿನಲ್ಲಿ ಮನೆ ಕೇಳಲು ಹೋದರೆ "ನೀವು ವೆಜ್ಜಾ?" ಎಂದು ಕೇಳಿ, ಹೌದೆಂದರೆ ಒಳಗೆ ಕರೆಯುತ್ತಾರೆ. ಇಲ್ಲಿ ಅದು ತಿರುಗುಮುರುಗು. ನಾವು ಮಾಂಸ ತಿನ್ನುವವರಲ್ಲ ಎಂದಾಗ ಓನರ ಮನೆಯಾಕೆ, ನಾವೆಲ್ಲ ಆಂಟಿ ಅನ್ನುತ್ತೇವೆ, ಒಂದು ಕ್ಷಣ ಸುಮ್ಮನಾಗಿ, "ಅಯ್ಯೋ, ಮತ್ತೆ ಮಳೆಗಾಲದಲ್ಲಿ ಎಂತ ತಿನ್ನುದು?" ಎಂದು ನಿಜವಾದ ಕನಿಕರದಿಂದ ಕೇಳಿದರು. ಅಂದಿನಿಂದ ನಮ್ಮನ್ನು ಬದುಕಿಸಿಟ್ಟುಕೊಳ್ಳುವ ಹೊಣೆ ತಮ್ಮದೆಂದು ನಂಬಿದ್ದಾರೆ. ಕಣಿಲೆ ಸಿಕ್ಕಿದರೆ ಹೆಚ್ಚಿ, ನೀರು ಬದಲಿಸಿ ನೆನೆಸಿ, ಕಹಿ ತೆಗೆದು ಕೊಡುತ್ತಾರೆ. ಗುಡುಗಿದ ಮರುದಿನ ಅಣಬೆ ಬರುತ್ತದೆ. ಕಡಂಬುಟ್ಟು ಮಾಡಿದಾಗ ನಮಗೆ ಪಂದಿಕರಿ ಬದಲು ಕುಂಬಳಕಾಯಿ ಸಾರು. ಕಕ್ಕಡ ತಿಂಗಳ ಹದಿನೆಂಟನೇ ದಿನ, ಆಗಸ್ಟ್ 3ಕ್ಕೆ, ಮದ್ದುಸೊಪ್ಪಿನ ಪಾಯಸ. ಆ ಸೊಪ್ಪಿಗೆ ಅಂದು ಹದಿನೆಂಟು ಬಗೆಯ ಔಷಧಿಯ ಗುಣ ಸೇರಿಕೊಳ್ಳುತ್ತದೆಂದು ನಂಬಿಕೆ. ಬೇಯಿಸಿದರೆ ಗಾಢ ನೇರಳೆ ಬಣ್ಣ, ಮನೆಯಿಡೀ ಘಮ. ಹೊಸದಾಗಿ ಬಂದ ವರ್ಷ ಎರಡು ಲೋಟ ಕುಡಿದೆ. ಮರುದಿನ ಬೆಳಗ್ಗೆ ಬಚ್ಚಲಿನಲ್ಲಿ ಕೆಂಪು ನೀರು ಕಂಡು ಎದೆ ಧಸಕ್ಕೆಂದಿತು. ಛತ್ರಿ ಹಿಡಿದು ಆಸ್ಪತ್ರೆಗೆ ಹೊರಟವನನ್ನು ಓನರು ಗೇಟಿನಲ್ಲೇ ತಡೆದು ವಿಚಾರಿಸಿ, ಒಳಗೆ ತಿರುಗಿ ಕೂಗಿದರು: "ಏ, ಇವರಿಗೆ ಹೇಳಿರ್ಲಿಲ್ವಾ ನೀನು?" ಅದು ಆ ಸೊಪ್ಪಿನ ಬಣ್ಣ, ಎಲ್ಲರಿಗೂ ಹಾಗೇ, ಬಣ್ಣ ಬಂದರೆ ಮದ್ದು ಮೈಗೆ ಹತ್ತಿತು ಅಂತಲೇ ಲೆಕ್ಕ. ಆಂಟಿ ಈಗ ಪ್ರತಿ ವರ್ಷ ಪಾಯಸದ ಜೊತೆ ಎಚ್ಚರಿಕೆಯನ್ನೂ ಬಡಿಸುತ್ತಾರೆ, ಬೀದಿಗೆಲ್ಲ ಕೇಳುವಷ್ಟು ಗಟ್ಟಿಯಾಗಿ.

ಮಳೆಯ ವಿಷಯಕ್ಕೇ ಮತ್ತೆ ಬರುತ್ತೇನೆ, ಇಲ್ಲಿ ಯಾವ ಮಾತೂ ಅಲ್ಲಿಗೇ ಬರುತ್ತದೆ. ಕಾಫಿ ತೋಟದವರ ಮನೆಗಳಲ್ಲಿ ಮಳೆ ಅಳೆಯುವ ಮಾಪಕ ಇರುತ್ತದೆ. ಬೆಳಗಾದರೆ ಫೋನಿನಲ್ಲಿ ಕುಶಲ ವಿಚಾರಿಸುವ ಬದಲು "ನಿಮ್ಮಲ್ಲಿ ಎಷ್ಟು?" ಎಂದು ಕೇಳಿಕೊಳ್ಳುತ್ತಾರೆ. "ಎರಡು ಇಂಚು ನಲವತ್ತು ಸೆಂಟು." "ಓ, ನಮ್ಮಲ್ಲಿ ಮೂರೂಕಾಲು." ಆ ಕಡೆಯವರಿಗೆ ಸೋತಂತಾಗುತ್ತದೆ. ನಮ್ಮ ಓನರಿಗೆ ಪೇಟೆಯಲ್ಲಿ ತೋಟವಿಲ್ಲ, ಆದರೂ ತಾರಸಿಯಲ್ಲಿ ಮಾಪಕವಿದೆ. ದಿನದಿನದ ಲೆಕ್ಕ ಹಳೇ ಡೈರಿಗಳಲ್ಲಿದೆ. ಕರೆಂಟು ಹೋಗಿ, ಫೋನೂ ಸತ್ತ ದಿನಗಳಲ್ಲಿ ಬ್ಯಾಟರಿಯ ರೇಡಿಯೋದಲ್ಲಿ ಮಡಿಕೇರಿ ಆಕಾಶವಾಣಿ 103.1 ಹಾಕಿಕೊಂಡು ಕೂರುತ್ತಾರೆ. ಮಕ್ಕಳೂ ಅದರ ಸುತ್ತ ನೆರೆಯುತ್ತವೆ, ಜಿಲ್ಲಾಧಿಕಾರಿ ಶಾಲೆಗೆ ರಜೆ ಸಾರಿದರೋ ಇಲ್ಲವೋ ಎಂದು. ಈ ಜಿಲ್ಲೆಯ ಮಕ್ಕಳಿಗೆ ಮುಖ್ಯಮಂತ್ರಿ ಯಾರೆಂದು ಗೊತ್ತಿರುತ್ತದೋ ಇಲ್ಲವೋ, ಜಿಲ್ಲಾಧಿಕಾರಿಯ ಹೆಸರು ಬಾಯಿಪಾಠ.

ಇಷ್ಟೆಲ್ಲ ಮಳೆ ಬಂದೂ ಏಪ್ರಿಲ್‌ನಲ್ಲಿ ನಮ್ಮ ಬೀದಿಗೆ ನಲ್ಲಿ ನೀರು ದಿನ ಬಿಟ್ಟು ದಿನ. ಬಯಲುಸೀಮೆಯಿಂದ ಬಂದ ನೆಂಟರಿಗೆ ಇದನ್ನು ನಂಬಿಸುವುದು ಕಷ್ಟ. ಊರು ಕೂತಿರುವುದು ಬೆಟ್ಟದ ನೆತ್ತಿಯಲ್ಲಿ, ಸಮುದ್ರ ಮಟ್ಟದಿಂದ ಸಾವಿರದ ನೂರು ಮೀಟರಿಗೂ ಮೇಲೆ. ಬಿದ್ದ ನೀರು ನಿಲ್ಲದೆ ಇಳಿದು ಹೋಗುತ್ತದೆ: ಪೂರ್ವದ ಕಡೆ ಹೋದದ್ದು ಕಾವೇರಿ, ಸಂಪಾಜೆ ಘಟ್ಟದ ಕಡೆ ಜಾರಿದ್ದು ಪಯಸ್ವಿನಿ ಸೇರಿ ಅರಬ್ಬೀ ಸಮುದ್ರ. ತಮಿಳುನಾಡಿನವರಿಗೂ ಕೇರಳದವರಿಗೂ ಕಳಿಸಿಕೊಟ್ಟು, ತಾನು ಮಾತ್ರ ಕೂಟುಹೊಳೆಯ ನೀರನ್ನು ಪಂಪು ಮಾಡಿ ಮೇಲಕ್ಕೆ ಎಳೆದುಕೊಂಡು ಕುಡಿಯುತ್ತದೆ. ಎತ್ತರದಲ್ಲಿರುವ ಮನೆಗೆ ಬಾಡಿಗೆ ಹೆಚ್ಚು, ನೀರು ಕಮ್ಮಿ. ಇದನ್ನು ಬ್ರೋಕರ್ ಹೇಳುವುದಿಲ್ಲ.

ದಸರಾ ಬಂದರೆ ಕರಾರುಪತ್ರದ ಷರತ್ತುಗಳೆಲ್ಲ ತಾತ್ಕಾಲಿಕವಾಗಿ ರದ್ದು. ನವರಾತ್ರಿಯ ಮೊದಲ ದಿನ ಪಂಪಿನಕೆರೆಯಿಂದ ನಾಲ್ಕು ಶಕ್ತಿದೇವತೆಗಳ ಕರಗ ಹೊರಡುತ್ತದೆ. ವಿಜಯದಶಮಿಯ ರಾತ್ರಿ ಹತ್ತು ದೇವಸ್ಥಾನಗಳ ಹತ್ತು ಮಂಟಪಗಳು ಟ್ರ್ಯಾಕ್ಟರ್ ಮೇಲೇರಿ ಬೆಳಕು, ಹೊಗೆ, ಸದ್ದು, ಕೈಕಾಲಾಡಿಸುವ ರಾಕ್ಷಸರ ಸಮೇತ ಬೆಳಗಿನ ತನಕ ಊರು ಸುತ್ತುತ್ತವೆ. ಮೈಸೂರಿನ ದಸರಾ ಹಗಲಿನದು, ನಮ್ಮದು ರಾತ್ರಿಯದು ಎಂದು ಇಲ್ಲಿನವರಿಗೆ ಹೆಮ್ಮೆ. ಆ ರಾತ್ರಿ ಮಲಗಬೇಕು ಎನ್ನುವವರು ಮಾರನೇ ವರ್ಷ ಬೇರೆ ಊರಿನಲ್ಲಿ ಮನೆ ಹುಡುಕಬೇಕು. ಓನರ ನೆಂಟರು ಜಾಸ್ತಿಯಾದರೆ ನಮ್ಮ ನಡುಮನೆಯಲ್ಲಿ ಚಾಪೆ ಬೀಳುತ್ತದೆ, ನಮ್ಮ ನೆಂಟರು ಜಾಸ್ತಿಯಾದರೆ ಅವರ ಜಗಲಿಯಲ್ಲಿ. ಯಾರು ಯಾರ ಕಡೆಯವರೆಂದು ಬೆಳಗಿನ ಕಾಫಿಯ ಹೊತ್ತಿಗೆ ಯಾರಿಗೂ ತಿಳಿಯುವುದಿಲ್ಲ, ಯಾರೂ ಕೇಳುವುದೂ ಇಲ್ಲ.

ರೈಲಿಲ್ಲದ ಜಿಲ್ಲೆಗೆ ವರ್ಗವಾಗಿ ಬರುವವರು ಮೊದಲ ತಿಂಗಳು ಅಳುತ್ತಾರೆ. ನಮ್ಮ ಕಚೇರಿಯಲ್ಲೇ ನೋಡಿದ್ದೇನೆ. ಬಂದ ವಾರವೇ ವಾಪಸು ವರ್ಗಕ್ಕೆ ಅರ್ಜಿ ಗುಜರಾಯಿಸಿದ ಹುಡುಗ, ಆದೇಶ ಬಂದಾಗ ಅದನ್ನು ರದ್ದು ಮಾಡಿಸಲು ಓಡಾಡಿದ. ಕರಾವಳಿಯಿಂದ ಬಂದು ಇಲ್ಲಿ ಹೈಸ್ಕೂಲಿನ ಹೆಡ್ಮಾಸ್ತರಾಗಿದ್ದ ಪಂಜೆ ಮಂಗೇಶರಾಯರು ಬರೆದ 'ಹುತ್ತರಿ ಹಾಡು' ಇವತ್ತಿಗೂ ಇಲ್ಲಿನ ಸಭೆಗಳಲ್ಲಿ ಮೊಳಗುತ್ತದೆ. ಕೊಡಗನ್ನು ಹಾಡಿ ಹೊಗಳಲು ಕೆಲಸದ ಮೇಲೆ ಬಂದ ಒಬ್ಬ ಮೇಷ್ಟ್ರೇ ಬೇಕಾಯಿತು. ಇಲ್ಲಿನವರು ಆಗ ತೋಟದಲ್ಲಿ ಕೆಲಸ ಮಾಡುತ್ತಿದ್ದರು.

ಈಗ ಆ ಮೇಷ್ಟ್ರು ಬಂದಿದ್ದರೆ ಮನೆ ಸಿಗುತ್ತಿತ್ತೇ ಎಂಬುದು ನನ್ನ ಸಂಶಯ. ಊರಿನ ಒಳ್ಳೆಯ ಮನೆಗಳೆಲ್ಲ ಒಂದೊಂದಾಗಿ ಹೋಂಸ್ಟೇ ಆಗುತ್ತಿವೆ. ಕಣಿವೆ ಕಾಣುವ ಕಿಟಕಿಯಿದ್ದರೆ ಮುಗಿಯಿತು, ಅದರ ಬಾಡಿಗೆ ತಿಂಗಳ ಲೆಕ್ಕದಿಂದ ರಾತ್ರಿಯ ಲೆಕ್ಕಕ್ಕೆ ಬಂತು. ಶನಿವಾರ ಮಧ್ಯಾಹ್ನ ಕುಶಾಲನಗರದಿಂದ ಕಾರುಗಳ ಸಾಲು ಹತ್ತಿ ಬರುತ್ತದೆ. ರಾಜಾಸೀಟಿನಲ್ಲಿ ಸೂರ್ಯ ಮುಳುಗುವುದನ್ನು ನೋಡಲು ಸೂರ್ಯನಿಗೇ ಜಾಗವಿರುವುದಿಲ್ಲ. ಭಾನುವಾರ ಸಂಜೆ ಎಲ್ಲ ಇಳಿದು ಹೋಗುತ್ತಾರೆ. ಜಿಲ್ಲಾಸ್ಪತ್ರೆಯ ದಾದಿಗೆ, ಕಾಲೇಜಿನ ಅತಿಥಿ ಉಪನ್ಯಾಸಕನಿಗೆ, ಬಸ್ ಡಿಪೋದ ಕಂಡಕ್ಟರಿಗೆ ಉಳಿಯುವುದು ಬರೆಯ ಕಡೆಗೆ ಮುಖ ಮಾಡಿದ ಮನೆ. ಕಿಟಕಿ ತೆರೆದರೆ ಕೈಗೆ ಎಟುಕುವಷ್ಟು ಹತ್ತಿರ ಕೆಂಪು ಮಣ್ಣು, ಜರಿಗಿಡ, ಒಸರುವ ನೀರು.

ಆ ಬರೆಯನ್ನು ಮೊದಲು ಯಾರೂ ಅಷ್ಟು ದಿಟ್ಟಿಸಿ ನೋಡುತ್ತಿರಲಿಲ್ಲ. 2018ರ ಆಗಸ್ಟ್ ಮಧ್ಯದ ಮಳೆಯಲ್ಲಿ ಮಕ್ಕಂದೂರು, ಹಟ್ಟಿಹೊಳೆ, ಜೋಡುಪಾಲದ ಗುಡ್ಡಗಳು ಮರ, ತೋಟ, ಮನೆ ಸಮೇತ ಜಾರಿದವು. ಊರೊಳಗೆ ಇಂದಿರಾನಗರ, ಚಾಮುಂಡೇಶ್ವರಿ ನಗರಗಳಲ್ಲೂ ಮನೆಗಳು ಕುಸಿದವು. ಮಂಗಳೂರಿನ ಹೆದ್ದಾರಿ ಮುಚ್ಚಿತು. ತಲೆತಲಾಂತರದ ಜಮೀನಿದ್ದವರು, ಜೀವಮಾನದಲ್ಲಿ ಒಂದು ದಿನವೂ ಬಾಡಿಗೆ ಕೊಡದವರು, ಒಂದು ಚೀಲ ಬಟ್ಟೆ ಹಿಡಿದು ಪರಿಹಾರ ಕೇಂದ್ರಕ್ಕೂ ಅಲ್ಲಿಂದ ಬಾಡಿಗೆ ಮನೆಗೂ ಬಂದರು. ಸರ್ಕಾರ ಬಾಡಿಗೆ ಹಣ ಕೊಟ್ಟಿತು. ಕರ್ಣಂಗೇರಿ, ಜಂಬೂರು, ಮದೆಯಲ್ಲಿ ಹೊಸ ಮನೆಗಳೂ ಆದವು. ಹತ್ತೆಕರೆ ಕಾಫಿ ನೋಡಿಕೊಂಡು ಬದುಕಿದವರಿಗೆ ಸಾಲುಮನೆಯ ಎರಡು ಕೋಣೆ. ಅದರ ಬಗ್ಗೆ ನಗಾಡುವ ಮಾತು ನನ್ನಲ್ಲಿಲ್ಲ. ಈಗ ಮನೆ ನೋಡಲು ಬರುವ ಊರಿನವರು ಬಟ್ಟೆಯ ಪ್ರಶ್ನೆಯ ನಂತರ ಇನ್ನೊಂದು ಕೇಳುತ್ತಾರೆ: "ಹಿಂದೆ ಬರೆ ಎಷ್ಟು ಎತ್ತರ? ಆ ವರ್ಷ ಎಂತಾದ್ರೂ ಜಾರಿತ್ತಾ?" ಮಾಲೀಕರೂ ಮುಚ್ಚಿಡುವುದಿಲ್ಲ. ಆ ಒಂದು ವಿಷಯದಲ್ಲಿ ಈ ಊರು ಸುಳ್ಳು ಹೇಳುವುದನ್ನು ಬಿಟ್ಟಿದೆ.

ನಮ್ಮ ಓನರ ಮಗ ಬೆಂಗಳೂರಿನಲ್ಲಿ ಕಂಪ್ಯೂಟರ್ ಕೆಲಸದಲ್ಲಿದ್ದಾನೆ. ಹೋದ ಬಾರಿ ಬಂದಾಗ ನಮ್ಮ ಅಡಿಗೆಮನೆಯ ಕಿಟಕಿಯಲ್ಲಿ ನಿಂತು ಫೋನಿನಲ್ಲಿ ನಾಲ್ಕಾರು ಫೋಟೋ ತೆಗೆದ. ಒಗ್ಗರಣೆಗೆ ಸಾಸಿವೆ ಸಿಡಿಸುತ್ತಿದ್ದ ನನ್ನ ಹೆಂಡತಿಯನ್ನು ಸ್ವಲ್ಪ ಸರಿಯಿರಿ ಎಂದನಂತೆ, ವ್ಯೂ ಅಡ್ಡ ಬರುತ್ತಿದೆ ಎಂದು. ಸಂಜೆ ಮೇಲಿನ ಜಗಲಿಯಲ್ಲಿ ಅಪ್ಪ ಮಗನ ಮಾತು ಕೊಡವ ತಕ್ಕಿನಲ್ಲಿ ಜೋರಾಗಿ ನಡೆಯಿತು. ನನಗೆ ಅರ್ಥವಾದದ್ದು ಹೋಂಸ್ಟೇ, ವೀಕೆಂಡ್, ಇಎಂಐ ಎಂಬ ಮೂರು ಮಾತು. ಸಾಕಿತ್ತು.

ಮರುದಿನ ಓನರೇ ಇಳಿದು ಬಂದರು. ಕೂತು, ಕಾಫಿ ಕುಡಿದು, ಬಾಗಿಲ ಚೌಕಟ್ಟನ್ನು ಬೆರಳಿನಿಂದ ತಟ್ಟಿ ನೋಡಿದರು. "ಅವನಿಗೆ ಗೊತ್ತಿಲ್ಲ ಸಾರ್. ಟೂರಿಸ್ಟ್‌ನವರು ಬರುದು ಅಕ್ಟೋಬರಿಂದ ಮೇವರೆಗೆ. ಜೋರು ಮಳೆಗೆ ಯಾರು ಬರ್ತಾರೆ? ನಾಲ್ಕು ತಿಂಗಳು ಮನೆ ಬೀಗ ಹಾಕಿದ್ರೆ ಅಷ್ಟೇ, ಮುಗೀತು." ಅವರ ಮಾತಿಗೆ ಸಾಕ್ಷಿ ನಮ್ಮ ಬೀದಿಯಲ್ಲೇ ಇದೆ. ಕೆಳಗಡೆಯ ಹೆಂಚಿನ ಮನೆಯೊಂದು ಮಕ್ಕಳು ಪರದೇಶಕ್ಕೆ ಹೋದ ಮೇಲೆ ಮುಚ್ಚಿತ್ತು. ಒಂದು ಮಳೆಗಾಲಕ್ಕೆ ಹೆಂಚು ಜರುಗಿ ನೀರು ಇಳಿಯಿತು. ಮುಂದಿನದಕ್ಕೆ ಪಕಾಸಿ ಕೊಳೆಯಿತು, ಆಮೇಲೆ ಜರಿಗಿಡ ಒಳಗೆ ಬಂತು. ಗೋಡೆ ಈಗ ಇದೆ, ಮನೆ ಇಲ್ಲ. ಇಲ್ಲಿನ ಮನೆಗೆ ದಿನಾ ಬೆಳಗ್ಗೆ ಒಲೆ ಉರಿಯಬೇಕು, ಕಿಟಕಿ ತೆರೆದು ಮುಚ್ಚಬೇಕು, ಸೋರುವಲ್ಲಿ ಬಕೆಟ್ಟಿಟ್ಟು, ಸೋರುತ್ತಿದೆ ಎಂದು ಜಗಳ ಮಾಡುವವರೊಬ್ಬರು ಒಳಗಿರಬೇಕು. ನಾವು ಬಾಡಿಗೆ ಕೊಟ್ಟು ಆ ಕೆಲಸ ಮಾಡುತ್ತಿದ್ದೇವೆ ಎಂದು ನನಗೆ ಆ ಹೊತ್ತಿಗೆ ಹೊಳೆದು, ಹಾಗಾದರೆ ಸಂಬಳ ಕೇಳಬಹುದಲ್ಲ ಎಂಬ ಯೋಚನೆಯೂ ಬಂತು. ಗೋಡೆಯ ಕೋವಿ ನೆನಪಾಗಿ ಬಾಯಿ ಬಿಡಲಿಲ್ಲ.

"ಆದ್ರೆ ಮಗ ಹೇಳುದ್ರಲ್ಲಿಯೂ ಒಂದು ನ್ಯಾಯ ಉಂಟು" ಎಂದರು ಓನರು. "ವ್ಯೂ ಇದೆಯಲ್ಲ. ಅದಕ್ಕೆ ಎಂತಾದ್ರೂ ಸೇರಿಸ್ಬೇಕು. ತಿಂಗಳಿಗೆ ಐನೂರು ಹಾಕುವ."

ನನ್ನ ಹೆಂಡತಿ ಅಡಿಗೆಮನೆಯಿಂದಲೇ ಉತ್ತರ ಕೊಟ್ಟಳು. ಜೂನ್‌ನಿಂದ ಸೆಪ್ಟೆಂಬರ್ ತನಕ ಮಂಜು ಮುಸುಕಿ ಕಿಟಕಿಯಲ್ಲಿ ಬಿಳಿ ಬಿಟ್ಟು ಏನೂ ಕಾಣುವುದಿಲ್ಲ, ಆ ನಾಲ್ಕು ತಿಂಗಳು ಐನೂರು ಕಡಿಮೆ ಮಾಡಬೇಕು, ಉಳಿದ ತಿಂಗಳಲ್ಲೂ ಕಾಣದ ದಿನಗಳನ್ನು ಅಂಕಲ್ ತಮ್ಮ ಮಳೆ ಡೈರಿಯಲ್ಲೇ ಬರೆದಿಟ್ಟುಕೊಳ್ಳಲಿ, ವರ್ಷದ ಕೊನೆಗೆ ಲೆಕ್ಕ ನೋಡೋಣ ಎಂದು. ಸುಬೇದಾರರು ಗಂಭೀರವಾಗಿ ತಲೆಯಾಡಿಸಿ ಎದ್ದರು. ನಾನು ತಮಾಷೆ ಎಂದುಕೊಂಡಿದ್ದೆ. ಮೊನ್ನೆ ಬಾಡಿಗೆ ಕೊಡಲು ಹೋದಾಗ ನೋಡುತ್ತೇನೆ, ಡೈರಿಯಲ್ಲಿ ಇಂಚು, ಸೆಂಟಿನ ಪಕ್ಕಕ್ಕೆ ಹೊಸದೊಂದು ಗೆರೆ ಎಳೆದು, ತಾರೀಕಿನ ಎದುರು 'ಕಂಡಿತು', 'ಕಾಣಲಿಲ್ಲ' ಎಂದು ಬರೆಯಲು ಶುರುಮಾಡಿದ್ದಾರೆ. ಇದುವರೆಗಿನ ಲೆಕ್ಕದಲ್ಲಿ ನಾವೇ ಮುಂದಿದ್ದೇವೆ.